ಹೊಟ್ಟೆಗೊತ್ತಿದ ಘಟ

೨೦೨೨ನೆಯ ಇಸವಿಯಲ್ಲಿ ನನಗೆ ಐವತ್ತೊಂದು ವರ್ಷ. ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ವ್ಯಾಕರಣವನ್ನು ಬೋಧಿಸಿ, ಸಂಧಿಸಮಾಸಗಳಲ್ಲಿ ಯಾರಿಗೂ ರಿಯಾಯಿತಿ ಕೊಡದ ಮೇಷ್ಟ್ರು ಎಂಬ ಹೆಸರನ್ನು ಗಳಿಸಿ, ಅನಂತರ ಸ್ವಂತ ಇಚ್ಛೆಯಿಂದ ನಿವೃತ್ತನಾಗಿ, ಘಟವಾದನವನ್ನೇ ವೃತ್ತಿಯಾಗಿಸಿಕೊಂಡಿದ್ದೆ. ವಾಸ ಬಸವೇಶ್ವರನಗರದಲ್ಲಿ, ಮನೆಯೊಂದರ ಮೇಲಿನ ಭಾಗದಲ್ಲಿ, ಬಾಡಿಗೆಗೆ. ನಾನು, ನನ್ನ ಪತ್ನಿ ವನಜಾ ಮತ್ತು ನಾಲ್ಕು ಘಟಗಳು. ನಾಲ್ಕೇಕೆಂದರೆ, ಮೃದಂಗವನ್ನು ಗಾಯಕರ ಶ್ರುತಿಗೆ ಬಿಗಿಯಬಹುದು. ಸುಟ್ಟ ಮಣ್ಣನ್ನು ಬಿಗಿಯಲಾಗದು. ಶ್ರುತಿಗೊಂದು ಘಟ ಬೇಕು. ಶ್ರುತಿ ತಗ್ಗಿದಷ್ಟೂ ಘಟ ದೊಡ್ಡದು, ಭಾರವೂ ಹೆಚ್ಚು.

ಘಟವನ್ನು ದೂರದಿಂದ ಮಾತ್ರ ಕಂಡವರಿಗೆ ಒಂದು ಮಾತು ಹೇಳಬೇಕು. ಬೆರಳುಗಳು ಮಡಕೆಯ ಮೈಮೇಲೆ ಓಡುವುದು ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ಅದರ ಬಾಯಿ. ಅದು ವಾದಕನ ಹೊಟ್ಟೆಯ ಕಡೆಗೆ ತಿರುಗಿರುತ್ತದೆ. ಅಂಗಿಯ ಗುಂಡಿಗಳನ್ನು ಬಿಚ್ಚಿ, ಬರಿಮೈಗೆ ಬಾಯನ್ನು ಒತ್ತಿ, ಮತ್ತೆ ಸಡಿಲಿಸಿದಾಗ ಒಳಗಿನಿಂದ ‘ಗುಂ’ ಎಂಬ ಆಳವಾದ ನಾದ ಏಳುತ್ತದೆ. ಬೆರಳಿನಷ್ಟೇ ಹೊಟ್ಟೆಯೂ ಈ ವಾದ್ಯದ ಭಾಗ. ಆ ಹೊಟ್ಟೆಯೇ ಕೈಕೊಟ್ಟ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ. ರೋಗದ ವಿವರಣೆ ಬೇಕಾದವರಿಗೆ ವೈದ್ಯರಿದ್ದಾರೆ. ರೈಲಿನಲ್ಲಿ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಮೈಯ ಯಾವುದೋ ಮೂಲೆಯ ನೋವನ್ನು ಯಾರಿಗೂ ಹೇಳದೆ ಊರಿಂದೂರಿಗೆ ಹೋಗುತ್ತಿರುವ ನನ್ನಂಥವರಿಗಾಗಿ ಇದನ್ನು ಬರೆದಿದ್ದೇನೆ.

ಅದು ಮೊದಲು ಕಾಣಿಸಿದ್ದು ರಾಮನವಮಿಯ ದಿನಗಳಲ್ಲಿ. ನಮ್ಮ ಪಶ್ಚಿಮದ ಬಡಾವಣೆಗಳಲ್ಲಿ ಆಗ ಬೀದಿಗೊಂದು ಚಪ್ಪರ. ಕೊರೋನಾದಿಂದ ಎರಡು ವರ್ಷ ಬಾಗಿಲು ಹಾಕಿದ್ದ ಸಭೆಗಳು ಆ ವರ್ಷ ಮತ್ತೆ ತೆರೆದಿದ್ದವು. ಒಂದು ಸಂಜೆ ವಿಜಯನಗರ, ಮರುಸಂಜೆ ಅನ್ನಪೂರ್ಣೇಶ್ವರಿ ನಗರ, ಅದರ ಮರುದಿನ ಮನೆಯಿಂದ ಕೂಗಳತೆಯ ಗಣಪತಿ ಗುಡಿ. ಸ್ಕೂಟರಿನ ಮುಂಭಾಗದಲ್ಲಿ, ಎರಡು ಮೊಣಕಾಲುಗಳ ನಡುವೆ ಘಟದ ಚೀಲವನ್ನು ಅವುಚಿಕೊಂಡು ನಾನು ಓಡಾಡುತ್ತಿದ್ದೆ. ಚಪ್ಪರದ ಹಿಂದೆ ಕೊಡುತ್ತಿದ್ದ ಪಾನಕದ ಲೋಟದಲ್ಲಿ ಏಲಕ್ಕಿಯ ಸಿಪ್ಪೆ ತೇಲುತ್ತಿತ್ತು. ಮುತ್ತುಗದ ಎಲೆಯ ದೊನ್ನೆಯಲ್ಲಿ ಕೋಸಂಬರಿ. ಇಂದಿಗೂ ಏಪ್ರಿಲಿನ ಸಂಜೆ ಯಾರೋ ಮೈಕು ಪರೀಕ್ಷಿಸುವ ಸದ್ದು ಕೇಳಿದರೆ ನನ್ನ ನಾಲಗೆಯಲ್ಲಿ ಬೆಲ್ಲದ ರುಚಿ ಬರುತ್ತದೆ. ಅಂಥ ಒಂದು ಸಂಜೆ ಸ್ಕೂಟರಿನಿಂದ ಘಟವನ್ನು ಎತ್ತಿಳಿಸುವಾಗ ಹೊಕ್ಕುಳಿನ ಬಳಿ ಏನೋ ಚುಚ್ಚಿದಂತಾಯಿತು. ಮುಟ್ಟಿ ನೋಡಿಕೊಂಡೆ. ನೆಲ್ಲಿಕಾಯಿಯ ಗಾತ್ರದ ಒಂದು ಉಬ್ಬು.

ವೇದಿಕೆಯೇರಿ, ಅಂಗಿ ಬಿಚ್ಚಿ, ಘಟವನ್ನು ಹೊಟ್ಟೆಗೆ ಒತ್ತಿಕೊಂಡು ಕುಳಿತ ಸ್ವಲ್ಪ ಹೊತ್ತಿಗೆಲ್ಲ ನೋವು ಮಾಯವಾಯಿತು. ಕಛೇರಿ ಮುಗಿದ ಮೇಲೆ ಮುಟ್ಟಿದರೆ ಉಬ್ಬೂ ಇರಲಿಲ್ಲ.

ಎಲ್ಲ ಕಛೇರಿಗಳಲ್ಲೂ ಹಾಗೆಯೇ ಆಯಿತು. ಮನೆಯಲ್ಲಿ, ಬಸ್ಸಿನಲ್ಲಿ, ಮೆಟ್ಟಿಲು ಹತ್ತುವಾಗ ನೋವು. ಘಟವನ್ನು ಅಪ್ಪಿ ಕುಳಿತ ಕೂಡಲೇ ಶಮನ. ಇದನ್ನು ನಾನು ಹೇಗೆ ಅರ್ಥಮಾಡಿಕೊಂಡೆನೆಂದು ಓದುಗರು ಊಹಿಸಬಹುದು. ಮೂವತ್ತು ವರ್ಷ ನಾದದ ಜೊತೆಗೆ ಬದುಕಿದವನು ನಾದವೇ ಔಷಧವೆಂದು ನಂಬಲು ಹೆಚ್ಚಿನ ಸಾಕ್ಷ್ಯ ಬೇಡುವುದಿಲ್ಲ. ಕಾರ್ಯಕಾರಣಗಳನ್ನು ಬಿಡಿಸಿ ತೋರಿಸಿ ಮಕ್ಕಳಿಂದ ಬರೆಯಿಸುತ್ತಿದ್ದ ನಾನು, ನನ್ನ ಹೊಟ್ಟೆಯ ವಿಷಯದಲ್ಲಿ ಎದುರಿಗಿದ್ದ ಕಾರಣವನ್ನು ಬಿಟ್ಟು, ಸುಂದರವಾಗಿದ್ದುದನ್ನು ಆರಿಸಿಕೊಂಡೆ.

ಮುಚ್ಚಿಟ್ಟುಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಕಛೇರಿಯಲ್ಲಿ ಘಟಕ್ಕೆ ಉಪಪಕ್ಕವಾದ್ಯವೆಂದು ಹೆಸರು. ಗಾಯಕರಿಗೆ ಜ್ವರ ಬಂದರೆ ಕಛೇರಿ ಮುಂದಕ್ಕೆ ಹೋಗುತ್ತದೆ. ಪಿಟೀಲಿನವರಿಗೋ ಮೃದಂಗದವರಿಗೋ ಬಂದರೆ ಮಧ್ಯಾಹ್ನದೊಳಗೆ ಬೇರೊಬ್ಬರನ್ನು ಹುಡುಕಿ ತರುತ್ತಾರೆ. ಘಟದವನಿಗೆ ಬಂದರೆ, “ಪರವಾಗಿಲ್ಲ ಸಾರ್, ರೆಸ್ಟ್ ತಗೊಳ್ಳಿ, ಈ ಸಲ ಘಟ ಇಲ್ದೇ ಮಾಡ್ಕೋತೀವಿ” ಎನ್ನುತ್ತಾರೆ. ಅವರ ದನಿಯಲ್ಲಿ ನಿಜವಾದ ಕನಿಕರವಿರುತ್ತದೆ. ಆ ಕನಿಕರಕ್ಕೇ ನಾನು ಹೆದರುತ್ತಿದ್ದೆ. ಒಮ್ಮೆ ಇಲ್ಲದೆ ನಡೆದದ್ದು ಮರುವರ್ಷವೂ ಇಲ್ಲದೆ ನಡೆಯುತ್ತದೆ. ಕಾಯಿಲೆಯಿಂದ ಎದ್ದು ಬಂದ ಎಷ್ಟೋ ಘಟ, ಖಂಜಿರ, ಮೋರ್ಸಿಂಗ್ ವಾದಕರು ತಮ್ಮ ಜಾಗವೇ ಇಲ್ಲದ ವೇದಿಕೆಗಳನ್ನು ಕಂಡಿದ್ದಾರೆ. ಅವರ ಸ್ಥಾನದಲ್ಲಿ ಬೇರೆ ಯಾರೂ ಕುಳಿತಿರುವುದಿಲ್ಲ. ಆ ಸ್ಥಾನವೇ ಇರುವುದಿಲ್ಲ.

ವನಜಾ ಜುಲೈನಲ್ಲಿ ಕಂಡುಹಿಡಿದಳು. ಖಾಸಗಿ ಕಾಲೇಜೊಂದರ ಗ್ರಂಥಾಲಯದಲ್ಲಿ ಅವಳಿಗೆ ಕೆಲಸ. ಇಟ್ಟ ವಸ್ತು ಇಟ್ಟಲ್ಲಿ ಇಲ್ಲದಿದ್ದರೆ ಅವಳ ಕಣ್ಣಿಗೆ ಬೀಳದೆ ಇರದು. ಸ್ನಾನ ಮುಗಿಸಿ ಬಂದ ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿ ಕೇಳಿದಳು:

“ಏನ್ರೀ ಇದು? ಯಾವಾಗಿಂದ ಇದೆ?”

“ಏನೂ ಇಲ್ಲ. ನುಡಿಸೋಕೆ ಕೂತ್ರೆ ಹೋಗ್ಬಿಡತ್ತೆ.”

“ಹೋಗತ್ತೆ ಅಂದ್ರೆ ಎಲ್ಲಿಗ್ ಹೋಗತ್ತೆ? ಕಾಫಿ ಕುಡಿಯೋಕಾ?”

ಅಂದೇ ಸಂಜೆ ಬಡಾವಣೆಯ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ವಯಸ್ಸಾದ ವೈದ್ಯರು ಒಮ್ಮೆ ಕೆಮ್ಮಿಸಿ, ಬೆರಳಿಟ್ಟು ನೋಡಿ, ಹರ್ನಿಯಾ ಎಂದರು. ಶಸ್ತ್ರಚಿಕಿತ್ಸೆಯೊಂದೇ ದಾರಿ, ತಡಮಾಡಬಾರದು, ಭಾರ ಎತ್ತಬಾರದು ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಡಿಸೆಂಬರಿನ ಕಛೇರಿಗಳು ಮುಗಿಯಲಿ ಎಂದು ನಾನು ವನಜಾಳನ್ನು ಒಪ್ಪಿಸಿದೆ. ಒಪ್ಪಿಸಿದೆ ಎನ್ನುವುದು ಪೂರ್ತಿ ಸರಿಯಲ್ಲ. ಅವಳು ನನ್ನೊಡನೆ ಮಾತು ಬಿಟ್ಟಳು, ನಾನು ಅದನ್ನು ಒಪ್ಪಿಗೆಯೆಂದು ಗಣಿಸಿದೆ.

ನವೆಂಬರಿನ ನಡುವೆ ಮೈಸೂರಿನಲ್ಲೊಂದು ಕಛೇರಿ. ಮೃದಂಗಕ್ಕೆ ನಾಗರಾಜಣ್ಣ. ಇವರ ಬಗ್ಗೆ ಹೇಳದೆ ಮುಂದುವರಿಯಲಾರೆ. ನನಗಿಂತ ಎಂಟು ವರ್ಷ ಹಿರಿಯರು. ಕೆಂಗೇರಿ ಉಪನಗರದಲ್ಲಿ ಮನೆ. ನಾನಿನ್ನೂ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗಲೇ ಶನಿವಾರದ ಮಧ್ಯಾಹ್ನದ ಗಂಟೆ ಹೊಡೆಯುವುದನ್ನೇ ಕಾಯುತ್ತ ಗೇಟಿನ ಹೊರಗೆ ನಿಂತಿರುತ್ತಿದ್ದರು. ಅಲ್ಲಿಂದ ನೇರವಾಗಿ ರೈಲು ನಿಲ್ದಾಣಕ್ಕೆ. ಸಂಗೀತಗಾರರ ವಲಯದಲ್ಲಿ ಎಲ್ಲರೂ ನನ್ನನ್ನು ಮೇಷ್ಟ್ರೇ ಎಂದು ಕರೆಯುವಂತೆ ಮಾಡಿದವರು ಅವರೇ.

ಆ ಕಾಲದ ಪ್ರಯಾಣಗಳು ನೆನಪಾದರೆ ಈಗಲೂ ಬೆನ್ನು ನೋಯುತ್ತದೆ, ಮನಸ್ಸು ಹಗುರಾಗುತ್ತದೆ. ಎರಡನೆಯ ದರ್ಜೆಯ ಸ್ಲೀಪರಿನಲ್ಲಿ ಮೃದಂಗ ಸೀಟಿನ ಕೆಳಗೆ ಹೋಗಬಹುದು. ಘಟ ಎಲ್ಲಿಗೂ ಹೋಗಲಾರದು. ಮೇಲಿಟ್ಟರೆ ಬೀಳುತ್ತದೆ, ಕೆಳಗಿಟ್ಟರೆ ಯಾರದೋ ಪೆಟ್ಟಿಗೆ ಬಡಿಯುತ್ತದೆ. ಒಂದು ಬಿರುಕು ಬಿಟ್ಟರೆ ಮುಗಿಯಿತು, ಮಣ್ಣಿಗೆ ಹೊಲಿಗೆಯಿಲ್ಲ. ಆದ್ದರಿಂದ ಘಟವಾದಕರೆಲ್ಲರೂ ಒಂದೇ ರೀತಿಯಲ್ಲಿ ಮಲಗುತ್ತಾರೆ: ಒಂದು ಮಗ್ಗುಲಾಗಿ, ಮಂಡಿ ಮಡಿಚಿ, ಮಗುವನ್ನು ಮಲಗಿಸಿಕೊಂಡ ಹಾಗೆ ವಾದ್ಯವನ್ನು ಹೊಟ್ಟೆಯ ತಿರುವಿನಲ್ಲಿ ಇಟ್ಟುಕೊಂಡು. ಮದುವೆಯಾದ ಹೊಸದರಲ್ಲಿ ಮನೆಯಲ್ಲೂ ನಾನು ಹಾಗೆಯೇ ಮಲಗುತ್ತಿದ್ದೆನಂತೆ, ಘಟವಿಲ್ಲದೆಯೇ. ವಿಮಾನದ ಪ್ರಯಾಣಗಳು ಬಂದ ಮೇಲೆ ಕಷ್ಟ ರೂಪ ಬದಲಿಸಿತು. ತಪಾಸಣೆಯವರು ಮಡಕೆಯೊಳಗೆ ಕೈಹಾಕಿ ತಡವಿ, ಬಗ್ಗಿಸಿ, ಅಲ್ಲಾಡಿಸಿ, ಕೊನೆಗೆ ಏನೂ ಇಲ್ಲದ್ದಕ್ಕೆ ಹೆಚ್ಚು ಅನುಮಾನಪಡುತ್ತಿದ್ದರು. ನಾಗರಾಜಣ್ಣ ಬೆಲ್ಟನ್ನು ಮತ್ತೆ ಕಟ್ಟಿಕೊಳ್ಳುತ್ತ, “ಮೇಷ್ಟ್ರೇ, ಮುಂದಿನ ಸಲ ಒಳಗೆ ಒಂದಿಷ್ಟು ಮೊಸರನ್ನ ತುಂಬ್ಕೊಂಡ್ ಬನ್ನಿ, ಅವರಿಗೂ ಸಮಾಧಾನ” ಎನ್ನುತ್ತಿದ್ದರು.

ಮೈಸೂರಿನ ಗಾಯಕರದು ತಗ್ಗಿನ ಶ್ರುತಿ. ಹಾಗಾಗಿ ಒಯ್ದದ್ದು ಮನೆಯಲ್ಲಿದ್ದ ಅತ್ಯಂತ ಭಾರದ ಘಟ. ಕಛೇರಿ ಚೆನ್ನಾಗಿಯೇ ಆಯಿತು. ಮರುದಿನ ಬೆಳಗ್ಗೆ ನಿಲ್ದಾಣದ ಮೇಲ್ಸೇತುವೆಯನ್ನು ಘಟ ಹೊತ್ತು ಹತ್ತಿ ಇಳಿಯುವಾಗ ಎಂದಿಗಿಂತ ಬಲವಾದ ನೋವು ಬಂತು. ರೈಲು ಮಂಡ್ಯ ದಾಟುವಷ್ಟರಲ್ಲಿ ಉಬ್ಬು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನಾಗರಾಜಣ್ಣ ಕಿಟಕಿಗೊರಗಿ ನಿದ್ದೆ ಹೋಗಿದ್ದರು. ನನಗೆ ತಿಳಿದಿದ್ದ ಚಿಕಿತ್ಸೆ ಒಂದೇ. ಚೀಲದಿಂದ ಘಟವನ್ನು ಹೊರತೆಗೆದು, ಅಂಗಿಯ ಕೆಳಗಿನ ಗುಂಡಿಗಳನ್ನು ಬಿಚ್ಚಿ, ಅದರ ಬಾಯಿಯ ಅಂಚನ್ನು ಹೊಟ್ಟೆಗೆ ಒತ್ತಿಕೊಂಡು ಕುಳಿತೆ.

ಎದುರು ಸೀಟಿನಲ್ಲಿ ಕುಟುಂಬಸಮೇತ ಕುಳಿತಿದ್ದ ಒಬ್ಬರು ಬಹಳ ಸಂತೋಷಪಟ್ಟರು. “ಓ, ಆರ್ಟಿಸ್ಟಾ ಸಾರ್ ತಾವು? ಒಂದ್ ಯಾವ್ದಾದ್ರೂ ಹಾಡ್ ಬಾರ್ಸಿ ಸಾರ್, ಪಾಪುಗೆ ಖುಷಿಯಾಗತ್ತೆ.”

ಬಾರಿಸುವುದಲ್ಲ, ನುಡಿಸುವುದು ಎಂದು ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದೆ. ಅಂದು ನುಡಿಸಿದೆ. ನುಡಿಸಿದರೆ ಹೋದೀತು ಎಂಬ ಆಸೆಯಿಂದ ಆದಿತಾಳವನ್ನು ಹಿಡಿದೆ. ಮಗು ಚಪ್ಪಾಳೆ ತಟ್ಟಿತು. ವಡೆ ಮಾರುವವನು ಬುಟ್ಟಿಯೊಡನೆ ನಿಂತು ಕೇಳಿದ. ನನ್ನ ಹಣೆಯಿಂದ ಬೆವರು ಘಟದ ಮೇಲೆ ತೊಟ್ಟಿಕ್ಕುತ್ತಿತ್ತು, ಬೆರಳು ಜಾರುತ್ತಿದ್ದವು. ಎಷ್ಟು ಒತ್ತಿದರೂ ಈ ಸಲ ಉಬ್ಬು ಒಳಗೆ ಹೋಗಲಿಲ್ಲ.

ನಾಗರಾಜಣ್ಣ ಕಣ್ಣು ತೆರೆಯದೆಯೇ ಮಾತಾಡಿದರು.

“ಮೇಷ್ಟ್ರೇ, ತಾಳ ತಪ್ತಾ ಇದೆ.”

ಆಮೇಲೆ ಕಣ್ಣು ತೆರೆದು ನನ್ನ ಮುಖ ನೋಡಿದರು. ಮೂವತ್ತು ವರ್ಷಗಳಲ್ಲಿ ಅವರು ನನಗೆ ಆ ಮಾತನ್ನು ಹೇಳಿರಲಿಲ್ಲ, ಹೇಳುವ ಸಂದರ್ಭವೂ ಬಂದಿರಲಿಲ್ಲ. ಬೇರೇನನ್ನೂ ಕೇಳದೆ ಎದ್ದು ನಿಂತು ಮೃದಂಗವನ್ನು ಹೆಗಲಿಗೇರಿಸಿದರು.

ಕೆಂಗೇರಿಯಲ್ಲಿ ಇಳಿದೆವು. ಒಂದು ಹೆಗಲಿಗೆ ಮೃದಂಗ, ಇನ್ನೊಂದಕ್ಕೆ ನಾನು, ಎಡಗೈಯಲ್ಲಿ ಘಟ. ಇಷ್ಟನ್ನೂ ಹೊತ್ತು ಅವರು ಆಟೋದವರೆಗೆ ನಡೆದದ್ದು ಹೇಗೆಂದು ಇಂದಿಗೂ ನನಗೆ ತಿಳಿಯದು. ಆ ಗಡಿಬಿಡಿಯಲ್ಲಿ ಘಟದ ಚೀಲ ರೈಲಿನಲ್ಲೇ ಉಳಿಯಿತು. ಹೀಗಾಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಮುಂದೆ ಆಟೋ ನಿಂತಾಗ ಕಂಡ ದೃಶ್ಯವಿದು: ಗಾಲಿಕುರ್ಚಿಯಲ್ಲಿ ಮುದುಡಿ ಕುಳಿತ ನಾನು, ನನ್ನ ಮುಂದೆ, ಪಂಚೆಯುಟ್ಟು, ಎರಡು ಕೈಗಳಲ್ಲಿ ಬರಿಯ ಮಣ್ಣಿನ ಮಡಕೆಯನ್ನು ಹಿಡಿದು ನಡೆಯುತ್ತಿರುವ ನಾಗರಾಜಣ್ಣ.

ನಮ್ಮ ಜನ ಮಡಕೆ ಹಿಡಿದು ಮುಂದೆ ನಡೆಯುವುದು ಯಾವ ಯಾತ್ರೆಯಲ್ಲೆಂದು ಹೇಳಬೇಕಾಗಿಲ್ಲ.

ಬಾಗಿಲಿನ ಕಾವಲುಗಾರ ಓಡಿ ಬಂದ. “ಸಾರ್, ಬೇಜಾರ್ ಮಾಡ್ಕೋಬೇಡಿ. ಇದನ್ನ ಹಿಡ್ಕೊಂಡು ಒಳಗ್ ಬರ್ಬೇಡಿ ಸಾರ್. ಒಳಗೆ ಪೇಷೆಂಟ್‌ ಕಡೆಯವ್ರೆಲ್ಲ ಕೂತವ್ರೆ, ಏನಂದ್ಕೋತಾರೆ?”

“ಇದು ವಾದ್ಯ ಕಣಪ್ಪಾ.”

“ನಂಗೊತ್ತಾಯ್ತು ಸಾರ್. ಅವ್ರಿಗ್ ಯಾರ್ ಹೇಳ್ತಾರೆ?”

ಅವನು ಹೇಳಿದ್ದು ನ್ಯಾಯವಾಗಿತ್ತು. ಕಾಯುತ್ತಿದ್ದವರ ಸಾಲಿನಲ್ಲಿ ಆಗಲೇ ಒಂದಿಬ್ಬರು ನನ್ನತ್ತ ನೋಡಿ ಕೈಮುಗಿಯುವುದೋ ಬೇಡವೋ ಎಂಬ ಅನುಮಾನದಲ್ಲಿದ್ದರು. ನೋವಿನ ನಡುವೆ ನನಗೆ ನಗು ಬಂತು; ನಕ್ಕಾಗ ನೋವು ಇಮ್ಮಡಿಸಿತು. ಆಗ ಆ ಸಾಲಿನಿಂದ ಎದ್ದು ಬಂದವರು ಬಾಗಲಕೋಟೆ ಕಡೆಯ ಒಬ್ಬ ಹೆಂಗಸು. ಕಟ್ಟಡದ ಕೆಲಸಕ್ಕೆಂದು ಗಂಡನೊಡನೆ ಈ ಊರಿಗೆ ಬಂದವರೆಂದು ಆಮೇಲೆ ತಿಳಿಯಿತು. ಗಂಡ ಒಳಗಿದ್ದ. ಆಕೆ ತಮ್ಮ ಹೊದಿಕೆಯನ್ನು ತೆಗೆದು ಘಟಕ್ಕೆ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡರು.

“ನನ್ನ ಕೈಯಾಗ ಇರ್ಲಿ ಬಿಡ್ರಿ ಅಣ್ಣಾರ. ನೀವು ಅವರ ಸಂಗಾಟ ಒಳಗ ಹೋಗ್ರಿ. ಹೆಂಗೂ ನಾ ಇಲ್ಲೇ ಕುಂತಿರಾಕಿ.”

ವನಜಾ ಕಾಲೇಜಿನಿಂದ ಧಾವಿಸಿ ಬಂದಾಗ ಮೊದಲು ಕಂಡದ್ದು, ಅಪರಿಚಿತ ಹೆಂಗಸೊಬ್ಬರ ಮಡಿಲಲ್ಲಿ ಹೊದಿಕೆಯಿಂದ ಇಣುಕುತ್ತಿದ್ದ ನನ್ನ ಘಟವನ್ನಂತೆ. ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು, ಒಬ್ಬರ ಟಿಫಿನ್ ಡಬ್ಬಿಯ ಚಪಾತಿಯನ್ನು ಇಬ್ಬರೂ ತಿಂದು, ಇಬ್ಬರ ಗಂಡಂದಿರ ಸುದ್ದಿಗೂ ಒಟ್ಟಿಗೇ ಕಾದರು. ಆಕೆಯ ಗಂಡನಿಗೆ ಕಾಲಿನ ಮೂಳೆ ಮುರಿದಿತ್ತು. ಸಂಜೆಯ ಹೊತ್ತಿಗೆ ಅಪಾಯವಿಲ್ಲವೆಂದು ತಿಳಿಯಿತು. ಆಕೆಯ ಹೆಸರನ್ನು ಕೇಳಿಕೊಳ್ಳಲಿಲ್ಲವೆಂದು ವನಜಾ ಈಗಲೂ ಪೇಚಾಡುತ್ತಾಳೆ.

ಒಳಗೆ ಶಸ್ತ್ರವೈದ್ಯೆ ಹೊಟ್ಟೆಯನ್ನು ಮುಟ್ಟಿ ನೋಡಿ, ಕರುಳು ಸಿಕ್ಕಿಕೊಂಡಿದೆ, ಈಗಲೇ ಆಗಬೇಕು ಎಂದರು. ನನಗಿಂತ ಕಿರಿಯರು, ಮಿತಭಾಷಿ. ಅರಿವಳಿಕೆ ಕೊಡುವ ಮುಂಚೆ ನಾನು ಕೇಳಿದ್ದು ಪ್ರಾಣದ ಪ್ರಶ್ನೆಯಲ್ಲ. ಮತ್ತೆ ಘಟವನ್ನು ಹೊಟ್ಟೆಗೆ ಒತ್ತಿಕೊಳ್ಳಬಹುದೇ ಎಂದು ಕೇಳಿದೆ. ಅವರು ಪಕ್ಕದಲ್ಲಿದ್ದ ನರ್ಸಿನ ಕಡೆ ನೋಡಿ, “ಏನ್ ಒತ್ಕೋಬೇಕಂತೆ?” ಎಂದರು. ಅಷ್ಟು ಮಾತ್ರ ನೆನಪಿದೆ.

ಕರುಳಿಗೆ ಹಾನಿಯಾಗಿರಲಿಲ್ಲ. ಒಳಗೆ ಆಸರೆಗೆಂದು ಒಂದು ಬಲೆಯನ್ನಿಟ್ಟು ಹೊಲಿದಿದ್ದರು. ಮೂರನೆಯ ದಿನ ವಾರ್ಡಿಗೆ ಬಂದ ಡಾಕ್ಟರಮ್ಮನಿಗೆ ನಾಗರಾಜಣ್ಣ ನನ್ನ ನಾದಚಿಕಿತ್ಸೆಯ ಕಥೆಯನ್ನು ಸವಿಸ್ತಾರವಾಗಿ ಹೇಳಿದರು. ಅವರು ನಗದೆ ಕೇಳಿ, ಹಾಸಿಗೆಯ ಅಂಚಿನಲ್ಲಿ ಕುಳಿತರು.

“ಸಾರ್, ಅದು ವಾಸಿ ಆಗ್ತಾ ಇರ್ಲಿಲ್ಲ. ಮಡಕೆ ಅದನ್ನ ಅದುಮಿ ಒಳಗೆ ತಳ್ತಾ ಇತ್ತು, ಅಷ್ಟೇ. ನೀವು ಮಡಕೆ ಹೊತ್ಕೊಂಡು ಓಡಾಡಿದಾಗ ಕರುಳು ಹೊರಗೆ ಬರೋದು, ಒತ್ಕೊಂಡು ಕೂತಾಗ ಒಳಗೆ ಹೋಗೋದು.”

ಹೊರುವಾಗ ಬೆಳೆಸಿದ್ದೂ ಅದೇ, ನುಡಿಸುವಾಗ ಅಡಗಿಸಿದ್ದೂ ಅದೇ. ಏಳು ತಿಂಗಳು ನಾನು ಔಷಧವೆಂದು ಪೂಜಿಸಿದ್ದು ಒಂದು ಮುಚ್ಚಳವನ್ನು. ಘಟವಾದಕನಲ್ಲದವನಿಗೆ ಈ ತಪ್ಪು ಸಾಧ್ಯವೇ ಇರಲಿಲ್ಲ. ಬೇರೆ ಯಾರೇ ಆಗಿದ್ದರೂ ಏಪ್ರಿಲಿನಲ್ಲೇ ವೈದ್ಯರ ಮುಂದೆ ಕುಳಿತು, ಜೂನಿನೊಳಗೆ ಶಸ್ತ್ರಚಿಕಿತ್ಸೆ ಮುಗಿಸಿಕೊಂಡಿರುತ್ತಿದ್ದರು. ಮತ್ತೆ ನುಡಿಸುವ ವಿಷಯಕ್ಕೆ ಡಾಕ್ಟರಮ್ಮ ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು: ಇಂಥ ರೋಗಿಯನ್ನು ತಾವು ಕಂಡಿಲ್ಲ, ಹೊಲಿಗೆ ಗಟ್ಟಿಯಾಗಲಿ, ಸದ್ಯಕ್ಕೆ ನೀರಿನ ಬಕೆಟ್ಟನ್ನೂ ಎತ್ತಬಾರದು, ಮಾರ್ಚಿನಲ್ಲಿ ನೋಡಿ ಹೇಳುತ್ತೇನೆ, ಆಗದು ಎಂದೂ ಹೇಳಬೇಕಾಗಬಹುದು.

ಹೀಗೆ ಮನೆಯಲ್ಲಿ ಅಂಗಾತ ಮಲಗಿದೆ. ನಾಲ್ಕು ಘಟಗಳೂ ಎದುರಿನ ಗೋಡೆಗುಂಟ, ಬಟ್ಟೆಯ ಸಿಂಬಿಗಳ ಮೇಲೆ ಸಾಲಾಗಿ ಕುಳಿತಿದ್ದವು. ಕೆಳಗಿನ ಮನೆಯ ಮಾಲೀಕರು ದಿನವೂ ಮೆಟ್ಟಿಲ ಬಳಿ ನಿಂತು, ಸದ್ದೇ ಇಲ್ಲವಲ್ಲ ಎಂದು ವನಜಾಳನ್ನು ವಿಚಾರಿಸುತ್ತಿದ್ದರಂತೆ. ಹಿಂದೆ ಸದ್ದು ಹೆಚ್ಚಾಯಿತೆಂದು ವಿಚಾರಿಸುತ್ತಿದ್ದವರೂ ಅವರೇ. ವನಜಾ ರಜೆ ಹಾಕಿ ಮನೆಯಲ್ಲಿದ್ದಳು. ನೀವು ಮೊದಲೇ ಹೇಳಬೇಕಿತ್ತು ಎಂಬ ಮಾತನ್ನು ಅವಳು ಒಮ್ಮೆಯೂ ಆಡಲಿಲ್ಲ. ಹುರುಳಿಕಾಯಿ ಬಿಡಿಸುತ್ತ ಪಕ್ಕದಲ್ಲಿ ಕುಳಿತು, ಹಳೆಯ ಊರುಗಳ ಕಥೆ ಹೇಳಿ ಎನ್ನುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಬಾರಿ ಅವಳಿಗೆ ಎಲ್ಲವನ್ನೂ ಹೇಳಿದೆ. ಉಳಿದುಕೊಳ್ಳಲು ಕೊಟ್ಟ ಕಲ್ಯಾಣಮಂಟಪದ ವಧುವಿನ ಕೋಣೆಯಲ್ಲಿ ನಾವು ನಾಲ್ವರು ಗಂಡಸರು ಗುಲಾಬಿ ಬಣ್ಣದ ಕನ್ನಡಿಯ ಮುಂದೆ ಸಾಲಾಗಿ ಕ್ಷೌರ ಮಾಡಿಕೊಂಡದ್ದು. ಕಾರಿನಲ್ಲಿ ಗಾಯಕರಿಗೂ ಪಿಟೀಲಿಗೂ ತಂಬೂರಿಗೂ ಜಾಗವಾಗಿ ನಾನೂ ಘಟವೂ ಬಸ್ಸಿನಲ್ಲಿ ಹೋದದ್ದು. ಇನ್ನೊಮ್ಮೆ ಕಂಡಕ್ಟರು ಘಟಕ್ಕೆ ಟಿಕೆಟ್ ಕೇಳಿದಾಗ ನಾಗರಾಜಣ್ಣ, ಹಾಗಾದರೆ ಅದಕ್ಕೊಂದು ಸೀಟೂ ಕೊಡಿ ಎಂದು ವಾದಿಸಿ ಗೆದ್ದದ್ದು. ತಿಪಟೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಚಳಿಗೆ ಘಟದೊಳಗೆ ಕೈಯಿಟ್ಟು ಬೆಚ್ಚಗೆ ಮಾಡಿಕೊಂಡದ್ದು. ಆಮಂತ್ರಣದಲ್ಲಿ ನಮ್ಮ ಹೆಸರು ಬಿಟ್ಟುಹೋಗಿದ್ದ ಊರುಗಳು ಎಷ್ಟೋ. ಆಗ ಅವಮಾನವೆನಿಸಿದ್ದವುಗಳೂ ಮಲಗಿ ನೆನೆದಾಗ ಸಿಹಿಯಾಗಿದ್ದವು. ವನಜಾ ಕೈಯ ಕೆಲಸ ನಿಲ್ಲಿಸಿ ಕೇಳಿದಳು: “ಇಷ್ಟೊಂದು ಕಷ್ಟಾನ ಇಷ್ಟು ಖುಷಿಯಾಗಿ ಹೇಳ್ತೀರಲ್ರೀ. ಮತ್ತೆ ಹೋಗಕ್ಕಾಗ್ದೇ ಇದ್ರೆ ಏನ್ ಮಾಡ್ತೀರಿ?”

ಕೈಚಾಚಿ ಅವಳ ಮುಂದಿನಿಂದ ಒಂದು ಹುರುಳಿಕಾಯಿ ತೆಗೆದುಕೊಂಡು ನಾನೂ ಬಿಡಿಸತೊಡಗಿದೆ.

ಡಿಸೆಂಬರಿನಲ್ಲಿ ರಾಜಾಜಿನಗರದ ಸಭೆಯೊಂದರ ಕಛೇರಿ ನಾನು ಹೆದರಿದ್ದಂತೆಯೇ ಘಟವಿಲ್ಲದೆ ನಡೆಯಿತು. ನಾಗರಾಜಣ್ಣನೂ ನಾನೂ ಪ್ರತಿವರ್ಷ ಒಟ್ಟಿಗೆ ನುಡಿಸುತ್ತಿದ್ದ ವೇದಿಕೆ ಅದು. ಮರುದಿನ ಬೆಳಗ್ಗೆ ನಾಗರಾಜಣ್ಣ ಬಂದು, ಕಾಫಿ ಲೋಟವನ್ನು ಹಿಡಿದುಕೊಂಡು ಕುಳಿತರು. ಕಛೇರಿ ಹೇಗಾಯಿತೆಂದು ನಾನೇ ಕೇಳಬೇಕಾಯಿತು.

“ತನೀಲಿ ಒಂದು ಎಡವಟ್ಟಾಯ್ತು ಮೇಷ್ಟ್ರೇ. ಒಂದು ಸುತ್ತು ನುಡಿಸ್ದೆ. ಮುಗಿಸಿ, ಕೈ ತೆಗ್ದು ತೊಡೆ ಮೇಲಿಟ್ಕೊಂಡು ಕೂತ್ಬಿಟ್ಟೆ.”

“ಯಾಕೆ?”

“ಯಾಕೆ ಅಂದ್ರೆ? ಮುಂದಿನ ಸುತ್ತು ನಿಮ್ದಲ್ವಾ?”

ಹಾಡು ನಿಂತು ತಾಳವಾದ್ಯಗಳು ಸರದಿಯಂತೆ ನುಡಿಯುವ ಆ ತನಿಯಲ್ಲಿ ಗಾಯಕರು ತಾಳ ಹಾಕುತ್ತಲೇ ಇದ್ದರಂತೆ. ತಾಳದ ಒಂದು ಆವರ್ತ ಪೂರ್ತಿ ಸಭಾಂಗಣದಲ್ಲಿ ತೊಡೆತಟ್ಟುವ ಸದ್ದೊಂದೇ. ಸಭಿಕರು ಅದನ್ನು ಯಾವುದೋ ಹೊಸ ಪ್ರಯೋಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಆಗ ಎಚ್ಚೆತ್ತು ಮತ್ತೆ ಕೈಯಿಟ್ಟರಂತೆ. ಇದನ್ನು ಹೇಳುವಾಗ ಅವರು ನನ್ನನ್ನು ನೋಡದೆ ಗೋಡೆಗುಂಟ ಇದ್ದ ಘಟಗಳನ್ನು ನೋಡುತ್ತಿದ್ದರು. ಶಸ್ತ್ರಚಿಕಿತ್ಸೆಯ ದಿನ ಬಾರದ ಕಣ್ಣೀರು ನನಗೆ ಆಗ ಬಂತು. ನಾನಿಲ್ಲದ ವೇದಿಕೆಯಲ್ಲಿ ನನಗಾಗಿ ಒಂದು ಆವರ್ತದಷ್ಟು ಜಾಗ ಉಳಿದಿತ್ತು.

ಜನವರಿಯ ಕೊನೆಗೆ, ಹೊಟ್ಟೆಗೆ ತಾಗಿಸದೆ ನುಡಿಸಿಕೊಳ್ಳಬಹುದೆಂಬ ಅಪ್ಪಣೆ ಸಿಕ್ಕಿತು. ವನಜಾ ಚಿಕ್ಕ ಘಟವನ್ನು ತಂದು ಮುಂದಿಟ್ಟಳು. ಬಾಯನ್ನು ಮೇಲಕ್ಕೆ ತಿರುಗಿಸಿ ನುಡಿಸಿದೆ. ಕೆಲವು ವಿದ್ವಾಂಸರು ಹಾಗೆಯೂ ನುಡಿಸುತ್ತಾರೆ, ಅದಕ್ಕೆ ಅದರದೇ ಚೆಲುವಿದೆ. ನನ್ನ ಕೈಯಲ್ಲಿ ಅದು ಬರೀ ಟಕಟಕವೆಂದಿತು. ಬೆರಳು ಎಲ್ಲವನ್ನೂ ಹೇಳುತ್ತಿದ್ದವು, ತಳದ ನಾದ ಮಾತ್ರ ಇರಲಿಲ್ಲ. ಅಡುಗೆಮನೆಯಿಂದ ವನಜಾ ಹೊರಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ಸಂತೈಸಲು ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ. “ಬೇರೆ ಯಾರೋ ನುಡಿಸ್ತಾ ಇರೋ ಹಾಗಿದೆ ಕಣ್ರೀ” ಎಂದಳು.

ಫೆಬ್ರವರಿಯಲ್ಲಿ ರಾಮನವಮಿಯ ಕರೆಗಳು ಶುರುವಾದವು. ವಿಜಯನಗರದ ವ್ಯವಸ್ಥಾಪಕರು ಫೋನು ಮಾಡಿ, ಈ ವರ್ಷ ಘಟ ಇರುತ್ತದೆಯೇ ಎಂದು ಸೌಜನ್ಯದಿಂದ ಕೇಳಿದರು. ಇಲ್ಲದಿದ್ದರೂ ಸಂಕೋಚ ಬೇಡ ಎಂಬುದನ್ನೂ ಸೇರಿಸಿದರು. ವೈದ್ಯರನ್ನು ಕಂಡು ತಿಳಿಸುತ್ತೇನೆಂದೆ. ಆಮಂತ್ರಣವನ್ನು ಅಚ್ಚಿಗೆ ಕೊಡುವವರೆಗೆ ಕಾಯುತ್ತೇವೆಂದರು. ಅವರ ಔದಾರ್ಯಕ್ಕೂ ಒಂದು ಗಡಿಯಿತ್ತು, ನನ್ನ ಹೊಟ್ಟೆಗೂ.

ಮಾರ್ಚಿನ ಭೇಟಿಗೆ ಡಾಕ್ಟರಮ್ಮ ಘಟವನ್ನೂ ತರಹೇಳಿದ್ದರು. ನಾಗರಾಜಣ್ಣ ಹೊಸ ಚೀಲವೊಂದನ್ನು ಹೊಲಿಸಿ, ಅದರಲ್ಲಿ ಘಟವನ್ನಿಟ್ಟು ತಾವೇ ಹೊತ್ತು ತಂದರು. ಹೊರರೋಗಿ ವಿಭಾಗದ ಚಿಕ್ಕ ಕೋಣೆ. ಪರೀಕ್ಷೆಯ ಮಂಚದ ಮೇಲೆ ಹಸಿರು ರಬ್ಬರ್ ಹಾಸು. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ವನಜಾ ಗೋಡೆಗೆ ಆತು ನಿಂತಳು. ಡಾಕ್ಟರಮ್ಮ ಕೆಮ್ಮಿಸಿದರು, ಮಲಗಿಸಿ ತಲೆಯೆತ್ತಿಸಿದರು, ಗಾಯದ ಗೆರೆಯ ಉದ್ದಕ್ಕೂ ಬೆರಳಾಡಿಸಿದರು. ಮತ್ತೆ ಕೂರಿಸಿ ಘಟವನ್ನು ನನ್ನ ಮಡಿಲಿಗೆ ಇಡಿಸಿದರು. ಆಮೇಲೆ ಯಾರೂ ನಿರೀಕ್ಷಿಸದ ಒಂದು ಕೆಲಸ ಮಾಡಿದರು. ತಮ್ಮ ಅಂಗೈಯನ್ನು ಗಾಯದ ಮೇಲೆ ಚಪ್ಪಟೆಯಾಗಿಟ್ಟು, ಘಟದ ಬಾಯಿಗೂ ನನ್ನ ಹೊಟ್ಟೆಗೂ ನಡುವೆ ಅದನ್ನು ಹಾಗೆಯೇ ಉಳಿಸಿಕೊಂಡರು.

“ಹ್ಞಾ, ಈಗ ನುಡಿಸಿ ಸಾರ್.”

ಮೆಲ್ಲಗೆ ಆರಂಭಿಸಿದೆ.

“ಕಛೇರೀಲೂ ಇಷ್ಟೇ ಮೆತ್ತಗಾ?”

“ಇಲ್ಲ.”

“ಮತ್ತೆ? ಕಛೇರೀಲಿ ಹೇಗೋ ಹಾಗೆ. ನನಗೆ ಅದು ಗೊತ್ತಾಗ್ಬೇಕು.”

ನುಡಿಸಿದೆ. ಒತ್ತಿದೆ, ಸಡಿಲಿಸಿದೆ, ಮತ್ತೆ ಒತ್ತಿದೆ. ನಾಗರಾಜಣ್ಣ ಅರಿವಿಲ್ಲದೆಯೇ ತೊಡೆಯ ಮೇಲೆ ತಾಳ ಹಾಕತೊಡಗಿದ್ದರು. ಬಾಗಿಲ ಹೊರಗೆ ಕಾಯುತ್ತಿದ್ದವರ ಮಾತು ನಿಂತಿತು. ಡಾಕ್ಟರಮ್ಮ ಕಣ್ಣುಮುಚ್ಚಿ, ಅಂಗೈಯಿಂದ ಏನನ್ನೋ ಆಲಿಸುತ್ತಿದ್ದರು. ಅವರು ಸಂಗೀತವನ್ನು ಕೇಳುತ್ತಿರಲಿಲ್ಲವೆಂಬುದು ನನಗೆ ತಿಳಿದಿತ್ತು. ನನ್ನ ಮಾಂಸ ಎಲ್ಲಾದರೂ ಸಡಿಲಾಗುತ್ತದೆಯೇ ಎಂದು ಕಾಯುತ್ತಿದ್ದರು. ನಾನೂ ಅದನ್ನೇ ಕಾಯುತ್ತಿದ್ದೆ. ವನಜಾಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಒಂದು ಸುತ್ತು ಮುಗಿಯುವ ಹೊತ್ತಿಗೆ ಅವರು ಕಣ್ಣು ತೆರೆದು, ನಿಲ್ಲಿಸಿ ಎನ್ನದೆ, ಕೈಯನ್ನು ಮೆಲ್ಲನೆ ಹೊರಗೆಳೆದುಕೊಂಡರು. ಘಟದ ಬಾಯಿ ಬರಿಮೈಗೆ ತಗುಲಿತು. ಆ ಕೋಣೆಯ ತಳದಿಂದೆಂಬಂತೆ ‘ಗುಂ’ ಎಂಬ ನಾದ ಎದ್ದಿತು. ಡಾಕ್ಟರಮ್ಮ ತಮ್ಮ ಅಂಗೈಯನ್ನೊಮ್ಮೆ, ಘಟವನ್ನೊಮ್ಮೆ ನೋಡಿದರು.

“ಇಷ್ಟೊತ್ತು ನನ್ನ ಕೈ ಅಡ್ಡ ಇತ್ತಾ?” ಎಂದು, ಮೇಜಿನ ಕಡೆ ತಿರುಗಿ, ಬರೆಯುತ್ತಲೇ ಹೇಳಿದರು: “ನುಡಿಸಿ ಸಾರ್. ಎತ್ತೋದು ಹೊರೋದು ಮಾತ್ರ ಇನ್ನು ಬೇರೆಯವ್ರು.”

ಅಂದು ೨೦೨೩ರ ಮಾರ್ಚ್ ಹದಿನೇಳು, ಶುಕ್ರವಾರ. ರಾಮನವಮಿಗೆ ಇನ್ನೂ ಹದಿಮೂರು ದಿನವಿತ್ತು.